ಕಾಫಿ ಮಷೀನು ಮುಟ್ಟಿ ಕೈ ಜುಮ್ಮೆಂದರೆ ಕಡೆಗಣಿಸಬೇಡಿ



ನಾವು ಹೋಟೆಲಿನವರು ನಾಲ್ಕು ಜನ ಒಂದು ಕಡೆ ಸೇರಿದರೆ ಮಾತಾಡುವುದು ತೆಂಗಿನಕಾಯಿ ರೇಟು, ಗ್ಯಾಸ್ ಸಿಲಿಂಡರು, ಕೆಲಸದವರ ಅಭಾವ. ಕರೆಂಟಿನ ಮಾತು ಬರುವುದು ಬಿಲ್ಲು ಜಾಸ್ತಿ ಬಂದಾಗ ಮಾತ್ರ. ನಾವೂ ಹಾಗೆಯೇ ಇದ್ದೆವು. ಕೆಲವು ವರ್ಷಗಳ ಹಿಂದೆ ದೆಹಲಿಯ ಕಿದ್ವಾಯಿ ನಗರದ ನಮ್ಮ ಸಣ್ಣ ಹೋಟೆಲಿನಲ್ಲಿ ಒಂದು ಸಂಗತಿ ನಡೆಯಿತು. ಅದರಲ್ಲಿ ತಪ್ಪು ಹೆಚ್ಚಿನಂಶ ನಮ್ಮದೇ. ಮುಚ್ಚಿಟ್ಟುಕೊಂಡರೆ ಯಾರಿಗೂ ಉಪಯೋಗವಿಲ್ಲ ಎಂದು ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತಿದ್ದೇವೆ. ನಾವು ಎಸ್ಸೆಸ್ಸೆಲ್ಸಿವರೆಗೆ ಓದಿದವರು, ಇಂಜಿನಿಯರ್ ಅಲ್ಲ. ಇಲ್ಲಿರುವುದು ಪೆಟ್ಟು ತಿಂದ ಮೇಲೆ ತಿಳಿದವರನ್ನು ಕೇಳಿ ಕಲಿತ ಮಾತು.

ಮನೆಯ ಮಷೀನು ಹೋಟೆಲಿಗೆ ಬಂದದ್ದು

ಕಿದ್ವಾಯಿ ನಗರ ಎಂದರೆ ಮೊದಲಿನಿಂದಲೂ ಕೇಂದ್ರ ಸರ್ಕಾರಿ ನೌಕರರ ಕ್ವಾರ್ಟರ್ಸ್ ಇರುವ ಬಡಾವಣೆ. ಒಂದು ಕಡೆ ಐ.ಎನ್.ಎ. ಮಾರ್ಕೆಟ್ಟು, ಇನ್ನೊಂದು ಕಡೆ ಏಮ್ಸ್ ಆಸ್ಪತ್ರೆ. ಪೂರ್ವ ಕಿದ್ವಾಯಿ ನಗರದ ಹಳೇ ಕ್ವಾರ್ಟರ್ಸುಗಳನ್ನು ಕೆಡವಿ ಈಗ ಎತ್ತರದ ಕಟ್ಟಡಗಳನ್ನು ಕಟ್ಟಿದ್ದಾರೆ. ಇಲ್ಲಿಯ ಜನ ವರ್ಗಾವಣೆಯ ಜನ. ಆರ್ಡರು ಬಂತೆಂದರೆ ಫ್ರಿಜ್ಜು, ಮಂಚ, ಕೂಲರು ಎಲ್ಲವನ್ನೂ ಬಂದ ರೇಟಿಗೆ ಕೊಟ್ಟು ಹೊರಡುತ್ತಾರೆ.

ಹಾಗೆ ಹೊರಟ ಗಿರಾಕಿಯೊಬ್ಬರು ತಮ್ಮ ಮನೆಯ ಕಾಫಿ ಮಷೀನನ್ನು ನಮಗೆ ಕೊಟ್ಟರು. ವಿದೇಶದಲ್ಲಿ ಎರಡು ವರ್ಷ ಇದ್ದು ಬಂದವರು, ಅಲ್ಲಿಂದ ತಂದದ್ದು. ಹೊಳೆಯುವ ಸ್ಟೀಲು, ಹಾಲು ನೊರೆ ಬರಿಸುವ ಆವಿಯ ನಳಿಗೆ, ಮುಂದೆ ಎರಡು ಬಟನ್ನು. ಫಿಲ್ಟರ್ ಕಾಫಿಗೆ ನಮ್ಮ ಹಿತ್ತಾಳೆ ಫಿಲ್ಟರು, ಡಿಕಾಕ್ಷನ್ನು ಇದ್ದೇ ಇದೆ. ಆದರೆ ಸಂಜೆ ಬರುವ ಹುಡುಗರು ಕ್ಯಾಪುಚಿನೋ ಕೇಳುತ್ತಾರೆ. ಹೋಟೆಲಿಗೆಂದೇ ಮಾಡಿದ ಮಷೀನಿಗೆ ಲಕ್ಷಗಟ್ಟಲೆ ಬೇಕು, ಇದು ಆರು ಸಾವಿರಕ್ಕೆ ಸಿಕ್ಕಿತು. ನಾವು ಖುಷಿಯಾಗಿ ಗಲ್ಲಾ ಪಕ್ಕದ ಕಟ್ಟೆಯ ಮೇಲೆ ಇಟ್ಟೆವು. ಅದರ ಪ್ಲಗ್ಗು ನಮ್ಮ ಸಾಕೆಟ್ಟಿಗೆ ಕೂರಲಿಲ್ಲ. ಅಂಗಡಿಯಿಂದ ಮೂವತ್ತು ರೂಪಾಯಿಯ ಅಡಾಪ್ಟರು ತಂದು ಸಿಕ್ಕಿಸಿದೆವು. ಮಷೀನು ಗುರ್ ಎಂದಿತು, ಕಾಫಿ ಬಂತು, ನೊರೆ ಬಂತು. ಕೆಲಸ ಮಾಡುತ್ತದೆ ಎಂದ ಮೇಲೆ ಎಲ್ಲಾ ಸರಿಯಿದೆ ಎಂದುಕೊಂಡೆವು. ನಮ್ಮ ಮೊದಲ ತಪ್ಪು ಇದೇ.

ಮಾಣಿ ಹೇಳಿದ್ದು, ನಾವು ಕೇಳದೇ ಇದ್ದದ್ದು

ಜನವರಿ ತಿಂಗಳು. ಕಾಫಿ ಮಾಡುತ್ತಿದ್ದ ಮಾಣಿ ಕುಂದಾಪುರ ಕಡೆಯವನು, ಇಪ್ಪತ್ತೆರಡು ವರ್ಷ. ಒಂದು ದಿನ ಬಂದು, "ಧಣಿ, ಮಿಷನ್ ಮುಟ್ಟಿದ್ರೆ ಕೈ ಜುಮ್ ಅಂತದೆ" ಅಂದ.

ದೆಹಲಿಯ ಚಳಿಗಾಲ ಕಂಡವರಿಗೆ ಗೊತ್ತು. ಗಾಳಿ ಒಣಗಿ, ಸ್ವೆಟರು ತೆಗೆದರೆ ಚಟಪಟ ಎನ್ನುತ್ತದೆ, ಬಾಗಿಲ ಹಿಡಿ ಮುಟ್ಟಿದರೆ ಬೆರಳಿಗೆ ಚುಚ್ಚುತ್ತದೆ. ನಾವು ಅದೇ ಇರಬೇಕೆಂದು, "ಚಳಿಗೆ ಎಲ್ರಿಗೂ ಹಾಗೇ ಆಗ್ತದೆ ಮಾರಾಯ, ಕೆಲಸ ನೋಡು" ಎಂದೆವು. ಅವನು ಎರಡು ದಿನ ಬಿಟ್ಟು ಮತ್ತೆ ಹೇಳಿದ. ಈ ಸಲ ನಾವೇ ಎದ್ದು ಹೋಗಿ ಮಷೀನು ಮುಟ್ಟಿದೆವು. ಏನೂ ಆಗಲಿಲ್ಲ. "ನೋಡು, ನನಗೇನೂ ಆಗ್ಲಿಲ್ವಲ್ಲ! ನಿನಗೆ ಕೆಲಸ ತಪ್ಪಿಸೋಕೆ ಒಂದು ನೆವ" ಎಂದು ಗಿರಾಕಿಗಳ ಎದುರಿಗೇ ಗದರಿದೆವು. ಅವನು ಮೂರನೇ ಸಲ ಹೇಳಲಿಲ್ಲ.

ನಮಗೆ ಏಕೆ ಆಗಲಿಲ್ಲ ಎಂದು ಆಮೇಲೆ ತಿಳಿಯಿತು. ನಮ್ಮ ಕೈ ಒಣಗಿತ್ತು, ಕಾಲಲ್ಲಿ ದಪ್ಪ ರಬ್ಬರಿನ ಶೂ ಇತ್ತು. ಅವನ ಕೈ ಇಡೀ ದಿನ ಒದ್ದೆ, ಕಾಲ ಕೆಳಗಿನ ನೆಲ ಒದ್ದೆ, ಹವಾಯಿ ಚಪ್ಪಲಿಯೂ ಒದ್ದೆ. ಕರೆಂಟು ಮನುಷ್ಯನ ಮೂಲಕ ಭೂಮಿಗೆ ಹೋಗುವ ದಾರಿ ಹುಡುಕುತ್ತದೆ. ಗಲ್ಲಾದಲ್ಲಿ ಕೂತವನಲ್ಲಿ ಆ ದಾರಿ ಮುಚ್ಚಿರುತ್ತದೆ, ಕಾಫಿ ಮಾಡುವವನಲ್ಲಿ ತೆರೆದಿರುತ್ತದೆ.

ಇನ್ನೊಂದು ವ್ಯತ್ಯಾಸವನ್ನೂ ಎಲ್ಲರೂ ತಿಳಿದಿರಬೇಕು. ಚಳಿಗಾಲದ ಸ್ವೆಟರಿನ ಕರೆಂಟು ಒಂದೇ ಸಲ ಚುಕ್ ಎಂದು ಹೊಡೆದು ಮುಗಿಯುತ್ತದೆ, ಮುಟ್ಟಿಕೊಂಡೇ ಇದ್ದರೆ ಮತ್ತೆ ಆಗುವುದಿಲ್ಲ. ಕೈ ಒದ್ದೆಯಿದ್ದರೆ ಸಾಧಾರಣವಾಗಿ ಗೊತ್ತಾಗುವುದೇ ಇಲ್ಲ. ಮಷೀನಿನಿಂದ ಸೋರುವ ಲೈನ್ ಕರೆಂಟು ಮುಟ್ಟಿದಷ್ಟು ಹೊತ್ತೂ ಇರುವೆ ಹರಿದ ಹಾಗೆ ಜುಮ್ಮೆನ್ನುತ್ತದೆ. ಕೈ ಒದ್ದೆಯಾದರೆ ಜಾಸ್ತಿಯಾಗುತ್ತದೆ. ಸ್ವಿಚ್ಚು ಹಾಕಿದಾಗ ಇದ್ದು, ಪ್ಲಗ್ಗು ಕಿತ್ತರೆ ನಿಲ್ಲುತ್ತದೆ. ಆದರೆ ಇದನ್ನು ಬೇಕೆಂದೇ ಮುಟ್ಟಿ ಪರೀಕ್ಷೆ ಮಾಡಲು ಹೋಗಬಾರದು. ನಾವು ಮುಟ್ಟಿ ನೋಡಿದ್ದು ಮೂರ್ಖತನ, ಅದನ್ನು ನಂಬಿದ್ದು ಇನ್ನೂ ದೊಡ್ಡ ಮೂರ್ಖತನ.

ಆ ಸಂಜೆ

ಮತ್ತೊಂದು ವಾರವಾಗಿರಬೇಕು. ಸಂಜೆ ಏಳು ಗಂಟೆ, ಹೋಟೆಲು ತುಂಬಿತ್ತು. ಮಾಣಿ ಎಡಗೈಯಲ್ಲಿ ಸ್ಟೀಲ್ ಸಿಂಕಿನ ನಲ್ಲಿ ತಿರುಗಿಸುತ್ತಾ ಬಲಗೈಯಲ್ಲಿ ಮಷೀನಿನ ಹಿಡಿ ಹಿಡಿದ. ಒಂದು ಕೂಗು ಕೇಳಿತು. ತಿರುಗಿ ನೋಡಿದರೆ ಅವನು ಬೆನ್ನ ಮೇಲೆ ಬಿದ್ದಿದ್ದ, ಲೋಟಗಳು ಚೆಲ್ಲಾಪಿಲ್ಲಿಯಾಗಿದ್ದವು. ಹಿಡಿ ಒದ್ದೆಯಿದ್ದು ಕೈ ಜಾರಿತು, ಅದಕ್ಕೆ ಬದುಕಿದ. ಒಂದು ಕೈಯಿಂದ ಇನ್ನೊಂದು ಕೈಗೆ ಹರಿದ ಕರೆಂಟು ಎದೆಯನ್ನು ದಾಟಿಯೇ ಹೋಗುತ್ತದೆ. ನಾವು ಮೈನ್ ಸ್ವಿಚ್ಚು ಇಳಿಸಿ ಅವನನ್ನು ಆಸ್ಪತ್ರೆಗೆ ಕರೆದುಕೊಂಡು ಓಡಿದೆವು. ಇ.ಸಿ.ಜಿ. ತೆಗೆದು, ರಾತ್ರಿ ಇಟ್ಟುಕೊಂಡು, ಬೆಳಿಗ್ಗೆ ಏನೂ ತೊಂದರೆಯಿಲ್ಲ ಎಂದು ಕಳಿಸಿದರು. ಆ ರಾತ್ರಿ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ನಾವು ಯೋಚಿಸಿದ್ದು ಒಂದೇ. ಅವನು ಎರಡು ಸಲ ಹೇಳಿದ್ದ.

ಮಿಸ್ತ್ರಿ ಬಿಚ್ಚಿ ತೋರಿಸಿದ ಮೂರು ದೋಷ

ಮಾರನೇ ದಿನ ತಿಳಿದ ಎಲೆಕ್ಟ್ರಿಕ್ ಮಿಸ್ತ್ರಿಯನ್ನು ಕರೆಸಿದೆವು. ಮೀಟರು ಹಿಡಿದು ನೋಡಿ, "ಸಾಬ್, ಅರ್ಥಿಂಗ್ ಹೈ ಹೀ ನಹೀಂ" ಎಂದ. ಅಂದರೆ ಅರ್ಥಿಂಗ್ ಇಲ್ಲವೇ ಇಲ್ಲ ಎಂದು. ಆಮೇಲೆ ಒಂದೊಂದಾಗಿ ಮೂರು ದೋಷ ಹೊರಬಂತು. ಹೊರಗೆ ಥಳಕು, ಒಳಗೆ ಹುಳುಕು ಎಂಬ ಗಾದೆ ಈ ಮಷೀನನ್ನು ನೋಡಿಯೇ ಹುಟ್ಟಿರಬೇಕು ಅನ್ನಿಸಿತು.

ಮೊದಲನೆಯದು ಅಡಾಪ್ಟರು. ಯುರೋಪಿನ ಅನೇಕ ದೇಶಗಳ ಪ್ಲಗ್ಗಿಗೆ ಗುಂಡನೆಯ ಎರಡೇ ಪಿನ್ನು. ಅರ್ಥಿಂಗ್ ಸಂಪರ್ಕ ಪ್ಲಗ್ಗಿನ ಪಕ್ಕದಲ್ಲಿರುವ ಲೋಹದ ಪಟ್ಟಿಯಲ್ಲಿರುತ್ತದೆ. ನಮ್ಮ ಬಜಾರಿನ ಅಗ್ಗದ ಅಡಾಪ್ಟರಿನೊಳಗೆ ಆ ಪಟ್ಟಿಗೆ ತಾಗುವಂಥದ್ದು ಏನೂ ಇರಲಿಲ್ಲ. ಅಡಾಪ್ಟರಿಗೆ ಮೂರು ಪಿನ್ನು ಕಾಣುತ್ತದೆ, ಆದರೆ ಮೂರನೇ ಪಿನ್ನು ಬರೀ ತೋರಿಕೆ. ಕಾಫಿ ಬರುವುದಕ್ಕೆ ಎರಡು ಪಿನ್ನು ಸಾಕು. ಮೂರನೆಯದು ಇರುವುದು ಪ್ರಾಣಕ್ಕೆ.

ಎರಡನೆಯದು ಒಳಗಿನ ಕಾಯಿಲ್. ನೀರು ಕಾಯಿಸುವ ಕಾಯಿಲ್ ಎಂದರೆ ಲೋಹದ ಕೊಳವೆ, ಅದರ ನಡುವೆ ಕಾಯುವ ತಂತಿ, ತಂತಿಗೂ ಕೊಳವೆಗೂ ಮಧ್ಯೆ ಒತ್ತಿ ತುಂಬಿದ ಬಿಳಿ ಪುಡಿ. ಈ ಪುಡಿ ಮೆಗ್ನೀಸಿಯಂ ಆಕ್ಸೈಡು. ಶಾಖವನ್ನು ಬಿಡುತ್ತದೆ, ಕರೆಂಟನ್ನು ತಡೆಯುತ್ತದೆ. ಗಡಸು ನೀರಿದ್ದ ಕಡೆ ಕೊಳವೆಯ ಮೇಲೆ ಸುಣ್ಣದ ಪದರ ಕಟ್ಟುತ್ತದೆ. ಪದರ ದಪ್ಪವಾದರೆ ಶಾಖ ನೀರಿಗೆ ಇಳಿಯದೆ ಕಾಯಿಲ್ ಅತಿಯಾಗಿ ಕಾದು ಕೊನೆಗೆ ಬಿರುಕು ಬಿಡುತ್ತದೆ. ಬಿರುಕಿನಲ್ಲಿ ನೀರು ಹೋಗಿ ಪುಡಿ ನೆನೆಯಿತೆಂದರೆ ಕರೆಂಟು ಮಷೀನಿನ ಮೈಗೆ ಸೋರತೊಡಗುತ್ತದೆ. ಆದರೂ ಕಾಯಿಲ್ ಕಾಯುತ್ತಲೇ ಇರುತ್ತದೆ, ಕಾಫಿಯ ರುಚಿಯಲ್ಲಿ ವ್ಯತ್ಯಾಸವಿಲ್ಲ. ಹೊರಗಿನಿಂದ ಕಂಡುಹಿಡಿಯುವ ಬಗೆಯೇ ಇಲ್ಲ.

ಮೂರನೆಯದು ಗೋಡೆಯ ಸಾಕೆಟ್ಟು. ಇದೇ ಎಲ್ಲಕ್ಕಿಂತ ಭಯಂಕರ. ಹಿಂದೆ ಯಾರೋ ವೈರಿಂಗ್ ಮಾಡಿದವರು ಅರ್ಥ್ ವೈರು ಎಳೆಯುವ ಬದಲು ಸಾಕೆಟ್ಟಿನೊಳಗೇ ಅರ್ಥಿಂಗ್ ಪಿನ್ನನ್ನು ನ್ಯೂಟ್ರಲಿಗೆ ತುಂಡು ವೈರಿನಿಂದ ಸೇರಿಸಿದ್ದರು. ಮಿಸ್ತ್ರಿ ಹೇಳಿದ ಮಾತು ನಮಗೆ ಈಗಲೂ ಕಿವಿಯಲ್ಲಿದೆ. ನಾವು ಅಡಾಪ್ಟರು ಬಿಸಾಡಿ ಒಳ್ಳೇ ಮೂರು ಪಿನ್ನಿನ ಪ್ಲಗ್ಗು ಮಾತ್ರ ಹಾಕಿಸಿದ್ದರೆ ಜುಮ್ಮೆನ್ನುವುದು ನಿಂತುಹೋಗುತ್ತಿತ್ತು. ಎಲ್ಲಾ ಸರಿಹೋಯಿತು ಎಂದು ನಾವು ನೆಮ್ಮದಿಯಾಗಿರುತ್ತಿದ್ದೆವು. ಆಮೇಲೆ ಒಂದು ದಿನ ನ್ಯೂಟ್ರಲ್ ವೈರು ಎಲ್ಲಾದರೂ ಸಡಿಲವಾಗಿ ಬಿಟ್ಟುಕೊಂಡರೆ ಮಷೀನಿನ ಇಡೀ ಮೈ 230 ವೋಲ್ಟಿಗೆ ಏರುತ್ತಿತ್ತು. ಆಗ ಎಚ್ಚರಿಕೆ ಕೊಡಲು ಜುಮ್ಮೆನ್ನುವುದೂ ಇಲ್ಲ, ಮೊದಲ ಮುಟ್ಟೇ ಕೊನೆಯ ಮುಟ್ಟು. ಜುಮ್ಮೆನ್ನುವುದು ನಿಂತಿತು ಎಂದರೆ ದೋಷ ಹೋಯಿತು ಎಂದಲ್ಲ ಎಂಬುದನ್ನು ದಯವಿಟ್ಟು ನೆನಪಿಡಿ.

ಎಂ.ಸಿ.ಬಿ. ಇದೆಯಲ್ಲ ಎನ್ನುವವರಿಗೆ

ನಮ್ಮಲ್ಲೂ ಎಂ.ಸಿ.ಬಿ. ಇತ್ತು, ಅದು ಬೀಳಲೇ ಇಲ್ಲ. ಅದರ ತಪ್ಪೇನೂ ಇಲ್ಲ. ಎಂ.ಸಿ.ಬಿ. ಇರುವುದು ವೈರನ್ನು ಕಾಪಾಡುವುದಕ್ಕೆ. ಲೋಡು ಮೀರಿದರೆ, ಶಾರ್ಟ್ ಆದರೆ ಬೀಳುತ್ತದೆ. ಮನುಷ್ಯನಿಗೆ ಸುಮಾರು 1 ಮಿಲಿಆಂಪಿಯರಿಗೇ ಜುಮ್ಮೆನ್ನುತ್ತದೆ. 10 ದಾಟಿದರೆ ಸ್ನಾಯು ಬಿಗಿದು ಹಿಡಿದದ್ದನ್ನು ಬಿಡಲಾಗುವುದಿಲ್ಲ. 30 ದಾಟಿ ಸ್ವಲ್ಪ ಹೊತ್ತು ಹರಿದರೆ ಹೃದಯಕ್ಕೇ ಅಪಾಯ. 16 ಆಂಪಿಯರಿನ ಎಂ.ಸಿ.ಬಿ. ಎಂದರೆ 16,000 ಮಿಲಿಆಂಪಿಯರು. 30ಕ್ಕಿಂತ ಐನೂರು ಪಟ್ಟಿಗೂ ಹೆಚ್ಚು. ಮನುಷ್ಯ ಸತ್ತರೂ ಅದಕ್ಕೆ ಗೊತ್ತಾಗುವುದಿಲ್ಲ.

ಮನುಷ್ಯನನ್ನು ಕಾಪಾಡುವುದು ಆರ್.ಸಿ.ಸಿ.ಬಿ. ಎಂಬ ಬೇರೆಯೇ ಸಾಧನ. ಹೋದ ಕರೆಂಟು, ಬಂದ ಕರೆಂಟು ಎರಡನ್ನೂ ಅದು ತೂಗಿ ನೋಡುತ್ತಿರುತ್ತದೆ. ಗಲ್ಲಾ ಲೆಕ್ಕದ ಹಾಗೆ ಎಂದುಕೊಳ್ಳಿ. ಹೋದದ್ದಕ್ಕಿಂತ ಬಂದದ್ದು 30 ಮಿಲಿಆಂಪಿಯರು ಕಡಿಮೆಯಾದರೆ ಎಲ್ಲೋ ಸೋರಿದೆ ಎಂದು ಕಣ್ಣು ಮಿಟುಕಿಸುವುದರೊಳಗೆ ಲೈನು ಕಡಿಯುತ್ತದೆ. ಅರ್ಥಿಂಗ್ ಸರಿಯಿದ್ದರೆ ದೋಷ ಬೆಳೆದ ಕೂಡಲೇ, ಯಾರೂ ಮುಟ್ಟುವ ಮೊದಲೇ ಬೀಳುತ್ತದೆ. ಅರ್ಥಿಂಗ್ ಇಲ್ಲದಿದ್ದರೆ ಮನುಷ್ಯ ಮುಟ್ಟಿದ ಮೇಲೆ ಬೀಳುತ್ತದೆ. ಆದ್ದರಿಂದ ಎರಡೂ ಬೇಕು.

ಕೇಂದ್ರ ವಿದ್ಯುತ್ ಪ್ರಾಧಿಕಾರದ 2010ರ ಸುರಕ್ಷತಾ ನಿಯಮಗಳಲ್ಲೂ ಅವುಗಳ ಬದಲಿಗೆ ಬಂದ 2023ರ ನಿಯಮಗಳಲ್ಲೂ ಸೋರಿಕೆ ತಡೆಯುವ ಈ ಸಾಧನದ ವಿಷಯ ಇದೆ. ಆದರೆ ಹಳೇ ಕಟ್ಟಡಗಳಲ್ಲಿ ನಡೆಯುವ ನಮ್ಮಂಥ ಹೋಟೆಲುಗಳಲ್ಲಿ ಎಷ್ಟು ಕಡೆ ಇದೆ ಎಂದು ನಿಮ್ಮ ಬೋರ್ಡನ್ನು ನೀವೇ ನೋಡಿಕೊಳ್ಳಿ. ಅದರ ಮೇಲೆ 'ಟಿ' ಎಂಬ ಸಣ್ಣ ಬಟನ್ನು ಇರುತ್ತದೆ. ತಿಂಗಳಿಗೊಮ್ಮೆ ಒತ್ತಬೇಕು, ಒತ್ತಿದರೆ ಬೀಳಬೇಕು. ಬೀಳದಿದ್ದರೆ ಅದು ಇದ್ದೂ ಇಲ್ಲದಂತೆ.

ಕೆಲವರು ಪದೇ ಪದೇ ಬೀಳುತ್ತದೆ ಎಂದು ಅದನ್ನೇ ಕಿತ್ತುಹಾಕಿಸುತ್ತಾರೆ. 2020ರ ಲಾಕ್‌ಡೌನ್ ಮುಗಿದು ಹೋಟೆಲು ತೆರೆದಾಗ ಇದು ಕಂಡುಬಂತು. ತಿಂಗಳುಗಟ್ಟಲೆ ಸುಮ್ಮನಿದ್ದ ಕಾಯಿಲುಗಳಲ್ಲಿ ಆ ಬಿಳಿ ಪುಡಿ ಗಾಳಿಯ ತೇವ ಹೀರಿಕೊಳ್ಳುತ್ತದೆ, ಸ್ವಿಚ್ಚು ಹಾಕಿದ ಕೂಡಲೇ ಆರ್.ಸಿ.ಸಿ.ಬಿ. ಬೀಳುತ್ತದೆ. ಅದು ತಕರಾರು ಮಾಡುತ್ತಿಲ್ಲ, ಸತ್ಯ ಹೇಳುತ್ತಿದೆ. ಅಂಥ ಮಷೀನನ್ನು ಮೆಗ್ಗರ್ ಎಂಬ ಮೀಟರಿನಿಂದ ಪರೀಕ್ಷೆ ಮಾಡಿಸಬೇಕೇ ಹೊರತು ಕಾವಲುಗಾರನನ್ನು ಓಡಿಸಬಾರದು.

ಸಡಿಲ ಜೋಡಣೆ: ಉಪಹಾರ್ ಕಲಿಸಿದ ಪಾಠ

ಎಂ.ಸಿ.ಬಿ.ಗೂ ಆರ್.ಸಿ.ಸಿ.ಬಿ.ಗೂ ಸಾಮಾನ್ಯವಾಗಿ ಗೊತ್ತಾಗದ ಒಂದು ದೋಷವಿದೆ, ಸಡಿಲ ಜೋಡಣೆ. ಸಾಕೆಟ್ಟಿನ ಸ್ಕ್ರೂ ಸಡಿಲವಾದರೆ ಆ ಜಾಗ ಕಾಯುತ್ತದೆ, ಕಾದು ಇನ್ನೂ ಸಡಿಲವಾಗುತ್ತದೆ, ಕಡೆಗೆ ಕಿಡಿ ಹಾರುತ್ತದೆ.

ಕಿದ್ವಾಯಿ ನಗರದಿಂದ ಸ್ವಲ್ಪ ದೂರದ ಗ್ರೀನ್ ಪಾರ್ಕಿನಲ್ಲಿ ಉಪಹಾರ್ ಚಿತ್ರಮಂದಿರವಿತ್ತು. ಹೆಸರು ಕೇಳಿ ನಮ್ಮ ಉಪಾಹಾರ ಎಂದುಕೊಳ್ಳಬೇಡಿ, ಹಿಂದಿಯಲ್ಲಿ ಅದಕ್ಕೆ ಕಾಣಿಕೆ ಎಂದು ಅರ್ಥ. 1997ರ ಜೂನ್ 13ರ ಬೆಳಿಗ್ಗೆ ಅಲ್ಲಿಯ ಟ್ರಾನ್ಸ್‌ಫಾರ್ಮರಿನಲ್ಲಿ ಬೆಂಕಿ ಕಾಣಿಸಿ, ಅದೇ ದಿನ ರಿಪೇರಿ ಮಾಡಿದರು. ಯಂತ್ರದಿಂದ ಒತ್ತಿ ಬಿಗಿಯಬೇಕಾದ ಕೇಬಲ್ಲಿನ ತುದಿಯನ್ನು ಸುತ್ತಿಗೆಯಿಂದ ಬಡಿದು ಕೂರಿಸಿದ್ದರು ಎಂಬುದು ಆಮೇಲೆ ಕೋರ್ಟಿನಲ್ಲಿ ಬಂದ ಸಂಗತಿ. ಮಧ್ಯಾಹ್ನ ಸಿನಿಮಾ ನಡೆಯುತ್ತಿತ್ತು. ಸಂಜೆ ಐದರ ಹೊತ್ತಿಗೆ ಆ ಕೇಬಲ್ಲು ಬಿಟ್ಟುಕೊಂಡು ಟ್ರಾನ್ಸ್‌ಫಾರ್ಮರಿನ ಮೈಗೆ ತಾಗಿ, ಎಣ್ಣೆ ಸೋರಿ ಬೆಂಕಿಯಾಯಿತು. 59 ಜನ ಹೊಗೆಯಲ್ಲಿ ಪ್ರಾಣ ಬಿಟ್ಟರು.

ಕಾಫಿ ಮಷೀನಿಗೂ ಟ್ರಾನ್ಸ್‌ಫಾರ್ಮರಿಗೂ ಹೋಲಿಕೆ ಎಲ್ಲಿಂದ ಎಲ್ಲಿಗೆ ಎನ್ನಬಹುದು. ಗಾತ್ರ ಬೇರೆ, ದೋಷದ ಸ್ವಭಾವ ಒಂದೇ. ಅವಸರದಲ್ಲಿ ಮಾಡಿದ ರಿಪೇರಿ, ಕಾಣದ ಸಡಿಲ ಜೋಡಣೆ, ಸಂಜೆಯವರೆಗೆ ಎಲ್ಲಾ ಸರಿಯಿರುವಂತೆ ತೋರುವುದು. ನಮ್ಮ ಪ್ಲಗ್ಗಿನ ಪಿನ್ನು ಕಪ್ಪಾಗಿದ್ದರೆ, ಪ್ಲಗ್ಗು ಕೈಗೆ ಬಿಸಿಯಾಗಿದ್ದರೆ, ಸುಟ್ಟ ಬೇಕಲೈಟಿನ ವಾಸನೆ ಬಂದರೆ ಅದೇ ದಿನ ಸಾಕೆಟ್ಟು, ಪ್ಲಗ್ಗು ಎರಡನ್ನೂ ಬದಲಿಸಿ. ಒಂದನ್ನು ಮಾತ್ರ ಬದಲಿಸಿದರೆ ಹಳೆಯದು ಹೊಸದನ್ನೂ ಕೆಡಿಸುತ್ತದೆ.

ಮನೆಗೆ ಮಾಡಿದ್ದು ಹೋಟೆಲಿಗಲ್ಲ

ಮನೆಯ ಕಾಫಿ ಮಷೀನು ದಿನಕ್ಕೆ ಆರೇಳು ಕಪ್ಪು ಮಾಡಲು ತಯಾರಾದದ್ದು. ನಾವು ಅದರಲ್ಲಿ ನೂರು ಕಪ್ಪು ಮಾಡಿದರೆ ಒಳಗಿನ ರಬ್ಬರ್ ವಾಷರು, ನೀರಿನ ಪೈಪು ಬೇಗ ಸವೆದು ನೀರು ವೈರುಗಳ ಮೇಲೆ ತೊಟ್ಟಿಕ್ಕುತ್ತದೆ. ಗೃಹಬಳಕೆಗೆ ಮಾತ್ರ ಎಂದು ಪುಸ್ತಕದಲ್ಲಿ ಬರೆದಿರುತ್ತಾರೆ, ನಾವು ಓದುವುದಿಲ್ಲ.

ಲೋಡಿನ ಲೆಕ್ಕವೂ ಸುಲಭ. ವ್ಯಾಟನ್ನು 230ರಿಂದ ಭಾಗಿಸಿದರೆ ಆಂಪಿಯರು ಬರುತ್ತದೆ. 1350 ವ್ಯಾಟಿನ ಮಷೀನಿಗೆ ಸುಮಾರು 5.9 ಆಂಪಿಯರು. ಚಿಕ್ಕ ಮೂರು ಪಿನ್ನಿನ ಸಾಕೆಟ್ಟಿನ ಶಕ್ತಿ 6 ಆಂಪಿಯರು, ಅಲ್ಲಿಗೇ ಭರ್ತಿಯಾಯಿತು. ಅದೇ ಮಲ್ಟಿಪ್ಲಗ್ಗಿಗೆ 750 ವ್ಯಾಟಿನ ಮಿಕ್ಸಿ ಸೇರಿಸಿದರೆ 9 ದಾಟುತ್ತದೆ. ನೀರು ಕಾಯಿಸುವ ಯಾವುದೇ ಮಷೀನಿಗೆ ದೊಡ್ಡ ಪಿನ್ನಿನ 16 ಆಂಪಿಯರು ಸಾಕೆಟ್ಟು, ಅದಕ್ಕೆ ತಕ್ಕ ದಪ್ಪದ ವೈರು, ಪ್ರತ್ಯೇಕ ಲೈನು ಇರಲಿ. ಮಿಸ್ತ್ರಿಗಳು ಈಗಲೂ 15 ಆಂಪಿಯರು ಎಂದೇ ಕರೆಯುತ್ತಾರೆ, ಅದೇ ಇದು.

ಅಮೆರಿಕದಿಂದ ಮಕ್ಕಳು ತಂದುಕೊಟ್ಟ ಮಷೀನುಗಳ ವಿಷಯವಂತೂ ಬೇರೆಯೇ. ಅಲ್ಲಿಯದು 120 ವೋಲ್ಟು, ನಮ್ಮದು 230. ವೋಲ್ಟು ಸುಮಾರು ಎರಡು ಪಟ್ಟಾದರೆ ಕಾಯಿಲಿನ ಶಾಖ ಹೆಚ್ಚು ಕಡಿಮೆ ಮೂರೂವರೆ ಪಟ್ಟಿಗಿಂತ ಮೇಲೆ ಹೋಗುತ್ತದೆ. 900 ವ್ಯಾಟಿನದು 3300 ವ್ಯಾಟಿನಂತೆ ಉರಿಯುತ್ತದೆ. ಪಿನ್ನು ಬದಲಿಸುವ ಅಡಾಪ್ಟರು ವೋಲ್ಟನ್ನು ಇಳಿಸುವುದಿಲ್ಲ. ಮಷೀನಿನ ಹಿಂದೆ ಅಂಟಿಸಿದ ಚೀಟಿಯಲ್ಲಿ 220-240 ಎಂದು ಇಲ್ಲದಿದ್ದರೆ ಪ್ಲಗ್ಗಿಗೆ ಹಾಕಲೇಬೇಡಿ.

ದೊಡ್ಡ ಕಂಪನಿಯ ಹೊಸ ಮಷೀನು ಎಂದಮಾತ್ರಕ್ಕೆ ದೋಷವಿರುವುದಿಲ್ಲ ಎಂದೂ ತಿಳಿಯಬೇಡಿ. 2014ರ ಡಿಸೆಂಬರಿನಲ್ಲಿ ಅಮೆರಿಕದ ಕ್ಯೂರಿಗ್ ಕಂಪನಿ ತನ್ನ ಮಿನಿ ಪ್ಲಸ್ ಎಂಬ ಮನೆಬಳಕೆಯ ಕಾಫಿ ಮಷೀನುಗಳನ್ನು ಅಲ್ಲಿಯ ಸರ್ಕಾರದ ಗ್ರಾಹಕ ಸುರಕ್ಷತಾ ಆಯೋಗದ ಜೊತೆ ಸೇರಿ ವಾಪಸು ಕರೆಯಿತು. ಅಮೆರಿಕದಲ್ಲೇ ಸುಮಾರು 66 ಲಕ್ಷ ಮಷೀನು. ನೀರು ಅತಿಯಾಗಿ ಕಾದು ಹೊರಗೆ ಚಿಮ್ಮುತ್ತದೆ ಎಂದು 200ರಷ್ಟು ದೂರು ಬಂದಿತ್ತು, ಅದರಲ್ಲಿ 90 ಜನರಿಗೆ ಸುಟ್ಟಿತ್ತು. 66 ಲಕ್ಷಕ್ಕೆ 200 ದೂರು ಸಾಕಾಯಿತು ಎಂಬುದನ್ನು ಗಮನಿಸಿ. ನಮ್ಮ ಒಂದೇ ಮಷೀನಿಗೆ ಎರಡು ದೂರು ಬಂದಿತ್ತು, ನಮಗೆ ಸಾಕಾಗಲಿಲ್ಲ.

ರಿಪೇರಿಯವರ ಒಂದು ಕೆಟ್ಟ ಅಭ್ಯಾಸವನ್ನೂ ಹೇಳಬೇಕು. ಮಷೀನಿನೊಳಗೆ ಥರ್ಮಲ್ ಫ್ಯೂಸ್ ಎಂಬ ಸಣ್ಣ ಕಡ್ಡಿಯಂಥ ವಸ್ತು ಇರುತ್ತದೆ. ಮಷೀನು ಮಿತಿ ಮೀರಿ ಕಾದರೆ ಅದು ತಾನು ಸುಟ್ಟು ಲೈನು ಕಡಿಯುತ್ತದೆ. ಹೊಸದಕ್ಕೆ ಹೆಚ್ಚು ಬೆಲೆಯಿಲ್ಲ. ಅದು ಸಿಗಲಿಲ್ಲವೆಂದು ಕೆಲವರು ಬರೀ ವೈರು ಸೇರಿಸಿ ಕೊಟ್ಟುಬಿಡುತ್ತಾರೆ. ಮಷೀನು ಓಡುತ್ತದೆ, ಮುಂದಿನ ಸಲ ಕಾದಾಗ ತಡೆಯುವವರಿಲ್ಲ. ಇನ್ನು ಜಿರಲೆ. ಬೆಚ್ಚಗಿನ ಜಾಗ ಎಂದು ಮಷೀನಿನ ಹಿಂಭಾಗದಲ್ಲಿ ಮನೆ ಮಾಡಿ, ಒಳಗಿನ ಸರ್ಕಿಟ್ ಬೋರ್ಡಿನ ಮೇಲೆ ಓಡಾಡಿ ಶಾರ್ಟ್ ಮಾಡಿಸುತ್ತದೆ. ನಮ್ಮದನ್ನು ಬಿಚ್ಚಿದಾಗ ಅದೂ ಇತ್ತು. ಬರೆಯಲು ನಾಚಿಕೆಯಾದರೂ ಬರೆದಿದ್ದೇವೆ.

ನಾವು ಈಗ ಅನುಸರಿಸುತ್ತಿರುವ ಕ್ರಮ

1. ಹೊಸ ಮಷೀನು, ಹಳೇ ಮಷೀನು ಯಾವುದೇ ಬಂದರೂ ಸಾಕೆಟ್ಟಿನ ಅರ್ಥಿಂಗನ್ನು ಮೀಟರಿನಿಂದ ನೋಡಿಸಿಯೇ ಪ್ಲಗ್ಗು ಹಾಕುವುದು. ಫೇಸಿಗೂ ಅರ್ಥಿಂಗಿಗೂ ನಡುವೆ ಹೆಚ್ಚು ಕಡಿಮೆ 230 ಬರಬೇಕು. ಅದಷ್ಟೇ ಸಾಲದು, ಅರ್ಥಿಂಗ್ ನ್ಯೂಟ್ರಲಿಗೆ ಸೇರಿದ್ದರೂ ಅಷ್ಟೇ ತೋರಿಸುತ್ತದೆ. ಆದ್ದರಿಂದ ಸಾಕೆಟ್ಟನ್ನು ಬಿಚ್ಚಿಸಿ ಕಣ್ಣಿನಿಂದಲೂ ನೋಡುವುದು.

2. ಟೆಸ್ಟರು ಉರಿಯಲಿಲ್ಲ ಎಂದು ನಂಬದಿರುವುದು. ಟೆಸ್ಟರು ಒಂದು ಸೂಚನೆ ಅಷ್ಟೇ.

3. ಎಲ್ಲಾ ನೀರಿನ ಮಷೀನುಗಳ ಲೈನಿಗೆ 30 ಮಿಲಿಆಂಪಿಯರಿನ ಆರ್.ಸಿ.ಸಿ.ಬಿ. ತಿಂಗಳ ಮೊದಲ ದಿನ 'ಟಿ' ಬಟನ್ನು ಒತ್ತುವುದು.

4. ಒರೆಸುವ, ತೊಳೆಯುವ ಮೊದಲು ಸ್ವಿಚ್ಚು ಆರಿಸಿದರೆ ಸಾಲದು, ಪ್ಲಗ್ಗು ಕೀಳುವುದು. ಫೇಸು ನ್ಯೂಟ್ರಲ್ ಅದಲು ಬದಲಾಗಿದ್ದರೆ ಸ್ವಿಚ್ಚು ಆರಿಸಿದರೂ ಒಳಗೆ ಕರೆಂಟು ಇರುತ್ತದೆ.

5. ಮಷೀನನ್ನು ಸಿಂಕಿನಿಂದ ದೂರ ಇಡುವುದು, ಒಂದು ಕೈ ಮಷೀನು ಇನ್ನೊಂದು ಕೈ ನಲ್ಲಿ ಮುಟ್ಟದಷ್ಟು ದೂರ. ಕೆಳಗೆ ರಬ್ಬರ್ ಮ್ಯಾಟು.

6. ಫಿಲ್ಟರ್ ಮಾಡಿದ ನೀರು ಹಾಕುವುದು, ಪುಸ್ತಕದಲ್ಲಿ ಹೇಳಿದಂತೆ ಸುಣ್ಣದ ಪದರ ತೆಗೆಸುವುದು.

7. ವರ್ಷಕ್ಕೊಮ್ಮೆ ಮೆಗ್ಗರ್ ಪರೀಕ್ಷೆ, ಸಾಕೆಟ್ಟುಗಳ ಸ್ಕ್ರೂ ಬಿಗಿ ಮಾಡಿಸುವುದು.

8. ಯಾರಿಗಾದರೂ ಶಾಕ್ ಹೊಡೆದು ಅಂಟಿಕೊಂಡರೆ ಮೈ ಮುಟ್ಟಬಾರದು, ಮೊದಲು ಮೈನ್ ಆಫ್. ಉಸಿರಿಲ್ಲದಿದ್ದರೆ ಎದೆ ಒತ್ತುವುದನ್ನು ಶುರು ಮಾಡಿ 112ಕ್ಕೆ ಫೋನು ಮಾಡಬೇಕು. ಎದ್ದು ಕೂತರೂ ಆಸ್ಪತ್ರೆಗೆ ಕರೆದುಕೊಂಡು ಹೋಗಲೇಬೇಕು. ಕರೆಂಟಿನ ಬೆಂಕಿಗೆ ನೀರು ಹಾಕಬಾರದು.

ನಮ್ಮ ಹೋಟೆಲಿಗೆ ಬರುವ ಕನ್ನಡದ ಮನೆಯವರಿಗೂ ಕಾಫಿ ಪುಡಿ ಕಟ್ಟಿಕೊಡುವಾಗ ಈ ಮಾತು ಹೇಳುತ್ತೇವೆ. ಮನೆಮನೆಗಳಲ್ಲಿ ಈಗ ಮಷೀನು ಬಂದಿದೆ. ಕಾಫಿ ವಿಷಯದಲ್ಲಿ ಜನ ನಮ್ಮನ್ನು ನಂಬುತ್ತಾರೆ, ನಾವು ಹೇಳಿದರೆ ಕೇಳುತ್ತಾರೆ. ನಮ್ಮ ದೇಶದಲ್ಲಿ ಕರೆಂಟು ಹೊಡೆದು ವರ್ಷಕ್ಕೆ ಹತ್ತು ಸಾವಿರಕ್ಕೂ ಮಿಗಿಲಾಗಿ ಜನ ಸಾಯುತ್ತಾರೆ ಎಂದು ಸರ್ಕಾರದ ಅಪರಾಧ ದಾಖಲೆ ಕೇಂದ್ರದ ವರದಿಗಳಲ್ಲಿದೆ. ಅದರಲ್ಲಿ ಒಂದು ಕಡಿಮೆಯಾದರೂ ಲಾಭವೇ.

ಗಲ್ಲಾ ಪಕ್ಕದ ಪುಸ್ತಕ

ಇಷ್ಟೆಲ್ಲಾ ಸಾಧನ ಹಾಕಿದ ಮೇಲೂ ಒಂದು ಮಾತು ಉಳಿಯುತ್ತದೆ. ನಮ್ಮ ಹೋಟೆಲಿನಲ್ಲಿ ದೋಷವನ್ನು ಎಲ್ಲರಿಗಿಂತ ಮೊದಲು ಕಂಡುಹಿಡಿದದ್ದು ಮೀಟರೂ ಅಲ್ಲ, ಮಿಸ್ತ್ರಿಯೂ ಅಲ್ಲ, ಮಾಣಿಯ ಒದ್ದೆ ಕೈ. ಅವನು ಹೇಳಿದ. ನಾವು ಯಜಮಾನರು, ನಮಗೆ ಗೊತ್ತು ಎಂಬ ಅಹಂಕಾರದಲ್ಲಿ ಬಾಯಿ ಮುಚ್ಚಿಸಿದೆವು. ಊರು ಬಿಟ್ಟು ಎರಡು ಸಾವಿರ ಕಿಲೋಮೀಟರು ದೂರ ಬಂದ ಹುಡುಗರು ಕೆಲಸ ಹೋದೀತು ಎಂದು ಮೂರನೇ ಸಲ ಹೇಳುವುದಿಲ್ಲ.

ಅದಕ್ಕೆ ಗಲ್ಲಾ ಪಕ್ಕ ಒಂದು ನೂರು ಪುಟದ ನೋಟ್‌ಪುಸ್ತಕ ಕಟ್ಟಿ ತೂಗುಹಾಕಿದ್ದೇವೆ. ಗ್ರೈಂಡರು ವಾಸನೆ ಬಂತು, ಫ್ರಿಜ್ಜು ಜುಮ್ಮೆಂದಿತು, ಸ್ವಿಚ್ಚು ಬಿಸಿ ಇತ್ತು, ಯಾರಿಗೆ ಏನು ಕಂಡರೂ ತಾರೀಕು ಹಾಕಿ ಬರೆಯಬೇಕು. ಬರೆದ ಮಷೀನಿನ ಪ್ಲಗ್ಗು ಆ ಕ್ಷಣ ಕೀಳಬೇಕು, ಮಿಸ್ತ್ರಿ ನೋಡಿ ಸಹಿ ಹಾಕುವವರೆಗೆ ಹಾಕಬಾರದು. ಕ್ಯಾಪುಚಿನೋ ಇಲ್ಲದೆ ಗಿರಾಕಿ ಎದ್ದು ಹೋದರೆ ಹೋಗಲಿ. ಪುಸ್ತಕಕ್ಕೆ ಇಪ್ಪತ್ತು ರೂಪಾಯಿ. ಇಲ್ಲಿಯವರೆಗೆ ಬರೆದವರಲ್ಲಿ ಇಬ್ಬರದು ಸುಳ್ಳು ಭಯ, ಉಳಿದವೆಲ್ಲಾ ನಿಜವಾದ ದೋಷ. ಆ ಇಬ್ಬರಿಗೂ ನಾವು ಗದರಲಿಲ್ಲ.

ಆ ಹುಡುಗ ನಮ್ಮಲ್ಲಿ ಇನ್ನೂ ಮೂರು ವರ್ಷ ಇದ್ದು, ಈಗ ಊರಲ್ಲಿ ತನ್ನದೇ ಸಣ್ಣ ಕ್ಯಾಂಟೀನು ಇಟ್ಟಿದ್ದಾನೆ. ಆ ರಾತ್ರಿ ಆಸ್ಪತ್ರೆಯಲ್ಲಿ ನಮ್ಮ ಜೇಬಿನಲ್ಲಿ ಅವನ ತಾಯಿಯ ಫೋನ್ ನಂಬರಿನ ಚೀಟಿ ಇತ್ತು. ಫೋನು ಮಾಡಿ ಏನು ಹೇಳುವುದು ಎಂದು ಬೆಳಗಿನ ಜಾವದವರೆಗೂ ಯೋಚಿಸಿದ್ದೆವು. ಮಾಡುವ ಪ್ರಸಂಗ ಬರಲಿಲ್ಲ, ದೇವರು ದೊಡ್ಡವನು. ಎಲ್ಲಾ ಸಲವೂ ದೇವರ ಮೇಲೆ ಭಾರ ಹಾಕಿ ಕೂರುವುದು ಸರಿಯಲ್ಲ. ಇವತ್ತು ಹೋಟೆಲು ಮುಚ್ಚುವ ಮೊದಲು ನಿಮ್ಮ ಕಾಫಿ ಮಾಡುವವನನ್ನು ಕರೆದು, "ಮಷೀನು ಮುಟ್ಟಿದರೆ ಏನಾದರೂ ಆಗುತ್ತದೆಯೇ?" ಎಂದು ಒಂದು ಮಾತು ಕೇಳಿ. ಆಗುತ್ತದೆ ಎಂದರೆ ಅಲ್ಲೇ ಪ್ಲಗ್ಗು ಕೀಳಿ.